ಮಾಜಾಳಿ ಗಡಿ ದಾಟುವ ಕಾರಿನ ವಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಮಾಡಿಸಿದ ಇನ್ಸೂರೆನ್ಸ್ ಗೋವಾದಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ. ಇಲ್ಲಿ ಕೊಡುವ ಕಾರಿನ ಪಾಲಿಸಿಗೆ ಇಡೀ ದೇಶವೇ ವ್ಯಾಪ್ತಿ. ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ಪೋಳೆಂ ಕಡೆ ಹೋಗುವಾಗ ಬೇರೆ ಪಾಲಿಸಿ ಬೇಡ, ಕಂಪನಿಗೆ ಹೇಳಿ ಹೋಗುವುದೂ ಬೇಡ. ಮಹಾರಾಷ್ಟ್ರ, ಕೇರಳಕ್ಕೆ ಹೋದರೂ ಅಷ್ಟೇ.

ಗಡಿ ದಾಟಿದಿರಿ ಎಂಬ ಕಾರಣಕ್ಕೆ ಯಾರೂ ಕ್ಲೇಮ್ ತಳ್ಳಿಹಾಕುವುದಿಲ್ಲ. ಜಗಳ ಶುರುವಾಗುವುದು ಆರ್‌ಸಿಯಲ್ಲಿ ಒಬ್ಬರ ಹೆಸರು, ಪಾಲಿಸಿಯಲ್ಲಿ ಇನ್ನೊಬ್ಬರ ಹೆಸರು ಇದ್ದಾಗ. ವಿಳಾಸ ಒಂದೂರಿನದು, ಕಾರು ನಿಲ್ಲುವುದು ಇನ್ನೊಂದೂರಿನಲ್ಲಿ ಎಂದಾಗ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದಾಗ. ಕೆಳಗಿನ ಬಹುಪಾಲು ಪ್ರಶ್ನೆಗಳು ಈ ತಾಳೆಯಾಗದ ಕಾಗದಗಳವೇ.

ತಪಾಸಣೆಯಲ್ಲಿ ಮೂಲ ಕಾಗದವೇ ಬೇಕೆ?

ಬೇಡ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಆರ್‌ಸಿ, ಡಿಎಲ್, ವಿಮೆ ಸಾಕು. 2018ರ ನಿಯಮ ತಿದ್ದುಪಡಿಯಿಂದ ಇವಕ್ಕೆ ಮೂಲ ಪ್ರತಿಯ ಮಾನ್ಯತೆಯಿದೆ. ಫೋನಿನ ಗ್ಯಾಲರಿಯಲ್ಲಿರುವ ಫೋಟೊಗೆ ಆ ಮಾನ್ಯತೆ ಇಲ್ಲ. ಕರ್ನಾಟಕದಲ್ಲಿ ತೆಗೆಸಿದ ಎಮಿಷನ್ ಸರ್ಟಿಫಿಕೇಟ್ ಗೋವಾದಲ್ಲೂ ಚಾಲ್ತಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನ ಪ್ರಕಾರ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿದರೆ 4,000 ರೂ. ದಂಡ. ಮೂರು ತಿಂಗಳವರೆಗಿನ ಜೈಲಿಗೂ ಅವಕಾಶವಿದೆ.

ಥರ್ಡ್ ಪಾರ್ಟಿ ಮಾತ್ರ ಇದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗೋವಾಕ್ಕೆ ಹೋಗಬಹುದೇ?

ಕಾನೂನು ತಡೆಯುವುದಿಲ್ಲ, ಆದರೆ ಇದರ ಅರ್ಥ ಗೊತ್ತಿದ್ದು ಹೊರಡಿ. ಥರ್ಡ್ ಪಾರ್ಟಿ ಪಾಲಿಸಿ ರಸ್ತೆಯ ಮೇಲಿರುವ ಇತರರಿಗಾಗಿ. ಅವರ ಸಾವು-ನೋವಿಗೆ ನ್ಯಾಯಮಂಡಳಿ ಎಷ್ಟು ಪರಿಹಾರ ಹೇಳಿದರೂ ಕಂಪನಿ ಕೊಡುತ್ತದೆ. ಅವರ ಆಸ್ತಿಗೆ ಮಾತ್ರ 7.5 ಲಕ್ಷ ರೂ. ಮಿತಿ. ನಿಮ್ಮ ಕಾರಿನ ಬಂಪರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ: ನಿಮ್ಮದೇ ಕಾರಿನಲ್ಲಿ ಕುಳಿತ ನೆಂಟರಿಷ್ಟರು ಈ ಪಾಲಿಸಿಯ ‘ಥರ್ಡ್ ಪಾರ್ಟಿ’ಯೊಳಗೆ ಬರುವುದಿಲ್ಲ. ಜನ ‘ಫುಲ್ ಇನ್ಸೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತಾರೆ. ಮಾಲೀಕ-ಚಾಲಕನ 15 ಲಕ್ಷ ರೂ. ಅಪಘಾತ ವಿಮೆ ಬೇರೆಯೇ. ಅದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ.

ಬೇರೆ ರಾಜ್ಯಕ್ಕೆ ಹೋದರೆ ಪ್ರೀಮಿಯಂ ಏರುತ್ತದೆಯೇ?

ಥರ್ಡ್ ಪಾರ್ಟಿ ದರ ದೇಶಕ್ಕೆಲ್ಲ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., 1000ದಿಂದ 1500 ಸಿಸಿಗೆ 3,416 ರೂ., ಅದಕ್ಕೂ ಮೇಲಿನದಕ್ಕೆ 7,897 ರೂ. ಜಿಎಸ್‌ಟಿ ಬೇರೆ.

ಸ್ವಂತ ಹಾನಿಯ (ನಿಮ್ಮದೇ ಕಾರಿಗೆ ಆಗುವ ಹಾನಿಯ) ಭಾಗಕ್ಕೆ ಎರಡು ವಲಯಗಳು. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ, ದೆಹಲಿ, ಅಹಮದಾಬಾದ್ ‘ಎ’ ವಲಯ. ಉಳಿದದ್ದೆಲ್ಲ ‘ಬಿ’. ಕಾರವಾರ, ಶಿರಸಿ, ಇಡೀ ಗೋವಾ ಎಲ್ಲವೂ ‘ಬಿ’ಯಲ್ಲೇ ಇರುವುದರಿಂದ ಮಡಗಾಂವಿಗೆ ಮನೆ ಬದಲಿಸಿದರೆ ವಲಯದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಪುಣೆಗೆ ಹೋದರೆ? ಐದು ವರ್ಷದೊಳಗಿನ 1200 ಸಿಸಿ ಕಾರಿಗೆ ಹಳೆಯ ಟ್ಯಾರಿಫ್ ಪುಸ್ತಕದ ದರ ‘ಬಿ’ಯಲ್ಲಿ ಶೇ 3.191, ‘ಎ’ಯಲ್ಲಿ ಶೇ 3.283. ಆರು ಲಕ್ಷ ರೂ. ಐಡಿವಿಗೆ (ಪಾಲಿಸಿಯಲ್ಲಿ ಕಾರಿಗೆ ಹಿಡಿದ ಬೆಲೆ) ವ್ಯತ್ಯಾಸ 552 ರೂ. ಕಂಪನಿಗಳು ಈಗ ಇದರ ಮೇಲೆ ತಮ್ಮ ತಮ್ಮ ರಿಯಾಯಿತಿ ಕೊಡುತ್ತವೆ, ಹಾಗಾಗಿ ಕೈಯಿಂದ ಹೋಗುವುದು ಇನ್ನೂ ಕಡಿಮೆ. ಇಷ್ಟು ಉಳಿಸಲು ಹೋಗಿ ವಿಳಾಸ ಮುಚ್ಚಿಡುವುದು ಶುದ್ಧ ದಡ್ಡತನ.

ಕಾಣಕೋಣದ ಹತ್ತಿರ ಡಿಕ್ಕಿಯಾಯಿತು. ಮೊದಲು ಏನು ಮಾಡಬೇಕು?

ಯಾರಿಗಾದರೂ ಗಾಯವಾಗಿದ್ದರೆ ಮೊದಲು 108 ಅಥವಾ 112. ಹೆದ್ದಾರಿಯಲ್ಲಿದ್ದರೆ 1033ಕ್ಕೂ ಕರೆ ಮಾಡಬಹುದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಇದೆ. ಯಾವ ರಾಜ್ಯದವರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕಾರನ್ನು ಸರಿಸುವ ಮುಂಚೆ ಫೋಟೊ ತೆಗೆಯಿರಿ. ನಾಲ್ಕು ಮೂಲೆಗಳಿಂದ ಒಂದೊಂದು, ಎರಡೂ ಗಾಡಿಗಳ ನಂಬರ್ ಪ್ಲೇಟ್ ಕಾಣುವಂತೆ ಒಂದು, ರಸ್ತೆಯ ಮೇಲಿನ ಟೈರ್ ಗುರುತು, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಅಂಗಡಿ ಫಲಕ. ಗೋವಾದಲ್ಲಿ ಆದ ಅಪಘಾತದ ಸ್ಥಳವನ್ನು ಆಮೇಲೆ ಕಾರವಾರದಲ್ಲಿ ಕುಳಿತು ವಿವರಿಸುವಾಗ ಆ ಕಲ್ಲಿನ ಫೋಟೊ ಹತ್ತು ಮಾತಿಗೆ ಸಮ. ಎದುರಿನವರ ಆರ್‌ಸಿ, ಡಿಎಲ್, ಪಾಲಿಸಿಯ ಫೋಟೊ ಕೂಡ ಅಲ್ಲೇ ತೆಗೆದುಕೊಳ್ಳಿ. ‘ನಾಳೆ ವಾಟ್ಸ್‌ಆ್ಯಪ್ ಮಾಡುತ್ತೇನೆ’ ಎಂದವರ ಮೆಸೇಜು ಬರುವುದು ಅಪರೂಪ.

ಆಮೇಲೆ ಪಾಲಿಸಿಯ ಮೇಲಿರುವ ಟೋಲ್-ಫ್ರೀ ನಂಬರಿಗೆ ಕರೆ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಊರಿನ ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಗುವುದಿಲ್ಲ. ಹಾನಿ ದೊಡ್ಡದಿದ್ದರೆ ಸ್ಪಾಟ್ ಸರ್ವೆ (ಸ್ಥಳದಲ್ಲೇ ಹಾನಿಯ ಪರಿಶೀಲನೆ) ಬೇಕೇ ಎಂದು ಕೇಳಿ, ಅವರು ಸರಿ ಎನ್ನುವವರೆಗೆ ಗ್ಯಾರೇಜಿನವನಿಗೆ ಏನನ್ನೂ ಬಿಚ್ಚಲು ಬಿಡಬೇಡಿ. ಗಾಯ, ಸಾವು ಅಥವಾ ಪರರ ಆಸ್ತಿ ಹಾನಿ ಇದ್ದರೆ ಅಪಘಾತ ನಡೆದ ಜಾಗದ ಠಾಣೆಯಲ್ಲೇ 24 ಗಂಟೆಯೊಳಗೆ ವರದಿಯಾಗಬೇಕು. ಮನೆಗೆ ಹೋಗಿ ಚಿತ್ತಾಕುಲ ಠಾಣೆಯಲ್ಲಿ ದೂರು ಕೊಟ್ಟರಾಯಿತು ಎಂದು ಹೊರಟುಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪಂಚನಾಮೆ ಆಗುವುದು ಗೋವಾದಲ್ಲೇ, ಅದಿಲ್ಲದೆ ಕಡತ ಮುಂದೆ ಹೋಗುವುದಿಲ್ಲ.

ರಿಪೇರಿ ಕಾರವಾರದಲ್ಲೂ ಮಾಡಿಸಬಹುದು. ಕಂಪನಿಯ ನೆಟ್‌ವರ್ಕ್ ಗ್ಯಾರೇಜ್ ಆದರೆ ಕ್ಯಾಶ್‌ಲೆಸ್, ಬೇರೆಯದಾದರೆ ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೆಯುವುದು. ನಮ್ಮ ಜಿಲ್ಲೆಯಲ್ಲಿ ಕೆಲವು ಬ್ರ್ಯಾಂಡ್‌ಗಳ ಬಾಡಿಶಾಪ್ ಇಲ್ಲ. ಹುಬ್ಬಳ್ಳಿಗೋ ಮಡಗಾಂವಿಗೋ ಒಯ್ಯಬೇಕು. ಎಲ್ಲಿಗೆ ಎಂದು ಟೋಯಿಂಗ್ ಗಾಡಿ ಹತ್ತಿಸುವ ಮೊದಲೇ ತೀರ್ಮಾನಿಸಿ, ಎರಡು ಸಲ ಎಳೆಸಿದರೆ ಎರಡನೆಯದರ ಖರ್ಚು ನಿಮ್ಮದು.

ಬಿಲ್ಲಿನಲ್ಲಿ ಕಂಪನಿ ನಿಜಕ್ಕೂ ಎಷ್ಟು ಕೊಡುತ್ತದೆ?

ಒಂದು ಲೆಕ್ಕ ಹಾಕಿ ನೋಡೋಣ. ಜೀರೋ ಡೆಪ್ (ಬಿಡಿಭಾಗ ಹಳೆಯದಾಯಿತೆಂದು ಹಣ ಕಡಿಯದ ಸೇರ್ಪಡೆ, ಜನ ‘ಬಂಪರ್ ಟು ಬಂಪರ್’ ಎನ್ನುವುದು) ಇಲ್ಲದ ನಾಲ್ಕೂವರೆ ವರ್ಷದ 1200 ಸಿಸಿ ಕಾರು, ಜಿಎಸ್‌ಟಿ ಬದಿಗಿಟ್ಟು ಬಿಲ್ 38,000 ರೂ. ಎಂದುಕೊಳ್ಳಿ. ಬಂಪರ್ 8,000: ಪ್ಲಾಸ್ಟಿಕ್‌ಗೆ ಅರ್ಧ ಕಡಿತ, ಸಿಗುವುದು 4,000. ಬಾನೆಟ್ 12,000: ಲೋಹಕ್ಕೆ ನಾಲ್ಕರಿಂದ ಐದು ವರ್ಷದಲ್ಲಿ ಶೇ 35 ಕಡಿತ, ಸಿಗುವುದು 7,800. ಮುಂದಿನ ಗಾಜು 7,000: ಗಾಜಿಗೆ ಕಡಿತವಿಲ್ಲ, ಪೂರ್ತಿ ಸಿಗುತ್ತದೆ. ಕೂಲಿ 5,000 ಪೂರ್ತಿ. ಪೇಂಟಿಂಗ್ 6,000: ಒಟ್ಟಾಗಿ ಬಿಲ್ ಮಾಡಿದರೆ ಅದರ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಸಿಗುವುದು 5,250. ಒಟ್ಟು 29,050. ಇದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ಕಳೆದರೆ 28,050. ಉಳಿದ 9,950 ರೂ. ನಿಮ್ಮ ಜೇಬಿನಿಂದ.

ಘಟ್ಟದಲ್ಲಿ ಕೆಟ್ಟು ನಿಂತರೆ, ಮಳೆಗಾಲದಲ್ಲಿ ನೀರು ನುಗ್ಗಿದರೆ?

ಅಪಘಾತವಾದ ಕಾರನ್ನು ಎಳೆಸಲು ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಸಿಗುವುದು ಹೆಚ್ಚೆಂದರೆ 1,500 ರೂ. ಅಣಶಿ ಘಟ್ಟದಿಂದ ಕಾರವಾರಕ್ಕೆ, ದೇವಿಮನೆಯಿಂದ ಕುಮಟಾಕ್ಕೆ ಇದು ಯಾವ ಮೂಲೆಗೂ ಸಾಲದು. ಬರೀ ಕೆಟ್ಟು ನಿಂತರೆ ಅದೂ ಇಲ್ಲ. ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿಕೊಳ್ಳುವಾಗ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಎಂಬ ಸಾಲನ್ನು ಓದಿ. ಅಣಶಿಯ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ಸಹಾಯವಾಣಿ ನಂಬರನ್ನೂ ಪಾಲಿಸಿ ನಂಬರನ್ನೂ ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ.

ಪ್ರವಾಹ, ಬಿರುಗಾಳಿ, ಭೂಕುಸಿತ ಇವೆಲ್ಲ ಪ್ಯಾಕೇಜ್ ಪಾಲಿಸಿಯ ಪಟ್ಟಿಯಲ್ಲಿವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಿತ್ತಲ್ಲ, ಅಂಥದ್ದು ಕೂಡ. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ಇಲ್ಲ.

ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನೀರು ನುಗ್ಗಿ ಸೀಟು, ವೈರಿಂಗ್ ಹಾಳಾದರೆ ಸಿಗುತ್ತದೆ. ನೀರಿನಲ್ಲೇ ಸ್ಟಾರ್ಟ್ ಮಾಡಿದರೆ ಸಿಲಿಂಡರಿನೊಳಗೆ ನೀರು ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ‘ಪರಿಣಾಮವಾಗಿ ಆದ ಹಾನಿ’ ಎಂದು ಹೇಳಿ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಸೇರ್ಪಡೆ ಇದ್ದರೆ ಮಾತ್ರ ಇದಕ್ಕೆ ಪರಿಹಾರ. ಅದಿದ್ದರೂ ನೀರಿನಲ್ಲಿ ನಿಂತ ಕಾರಿನ ಕೀ ತಿರುಗಿಸಬೇಡಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ ಎಳೆಸಿ. ಕರಾವಳಿಯಲ್ಲಿರುವವರಿಗೆ ಜೀರೋ ಡೆಪ್‌ಗಿಂತಲೂ ಎಂಜಿನ್ ಪ್ರೊಟೆಕ್ಟೇ ಮೊದಲು ಬೇಕಾದದ್ದು ಎಂಬುದು ನಮ್ಮ ಎಣಿಕೆ. ಉಪ್ಪುಗಾಳಿಯ ತುಕ್ಕಿಗೆ ಮಾತ್ರ ಯಾವ ಪಾಲಿಸಿಯೂ ಇಲ್ಲ.

ಗೋವಾದಲ್ಲಿ ಸ್ವಲ್ಪ ಕುಡಿದು ಓಡಿಸಿದ್ದೆ...

ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಕುಡಿದು ಓಡಿಸಿದ್ದು ಸಾಬೀತಾದರೆ ಸ್ವಂತ ಹಾನಿಯ ಕ್ಲೇಮ್ ಹೋಯಿತು. ಮಾಜಾಳಿಯಲ್ಲಿ ಅಬಕಾರಿಯವರು ಬಾಟಲಿಗಳ ಜೊತೆ ಕಾರನ್ನೂ ಹಿಡಿದಿಟ್ಟರೆ ಅದಕ್ಕೂ ವಿಮೆಯಿಲ್ಲ. ಈ ಪ್ರಶ್ನೆ ಬರುತ್ತದೆ, ಅದಕ್ಕೇ ಬರೆದೆವು.

ಗೋವಾದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಗೋಕರ್ಣಕ್ಕೆ ಬರಬಹುದೇ?

ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ನೀವೇ ಓಡಿಸಲು ಬಾಡಿಗೆಗೆ ನೋಂದಾಯಿಸಿದ ಕಾರು. ರಾಜ್ಯದ ಹೊರಗೆ ಒಯ್ಯಲು ಅದರ ಪರ್ಮಿಟ್‌ನಲ್ಲಿ ಅವಕಾಶವಿದೆಯೇ ಎಂದು ಮಾಲೀಕರಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು ‘ಕಡಿಮೆಗೆ ಕೊಡುತ್ತೇನೆ’ ಎಂದರೆ ಮುಟ್ಟಬೇಡಿ. ಬಾಡಿಗೆ ಬಳಕೆ ಅದರ ಪಾಲಿಸಿಯ ಹೊರಗಿನದು. ಅಪಘಾತವಾದರೆ ಕಾರಿನ ಹಾನಿಗೆ ಕಂಪನಿ ಕೊಡುವುದಿಲ್ಲ, ಮಾಲೀಕ ನಿಮ್ಮ ಕುತ್ತಿಗೆಗೆ ಬೀಳುತ್ತಾನೆ.

ಗೆಳೆಯರ ಕಾರನ್ನು ದುಡ್ಡು ಕೊಡದೆ ತಂದರೆ ಈ ತೊಂದರೆಯಿಲ್ಲ. ಅವರ ಒಪ್ಪಿಗೆ, ನಿಮ್ಮ ಲೈಸೆನ್ಸ್ ಇದ್ದರೆ ಸಾಕು.

ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಮನೆ ಬದಲಿಸುತ್ತಿದ್ದೇವೆ. ವಿಮೆಗೆ ಏನೇನು ಮಾಡಿಸಬೇಕು?

ಎರಡು ಗಡುವುಗಳನ್ನು ನೆನಪಿಡಿ. ವಿಳಾಸ ಬದಲಾದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ ಕಾರು 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು.

ವಿಮಾ ಕಂಪನಿಗೆ ಹೊಸ ವಿಳಾಸವನ್ನು ಮನೆ ಬದಲಿಸಿದ ತಿಂಗಳಲ್ಲೇ ತಿಳಿಸಿ, ಬದಲಾವಣೆ ದಾಖಲಿಸಿದ ಎಂಡಾರ್ಸ್‌ಮೆಂಟ್ ಕಾಗದ ಪಡೆಯಿರಿ. ನಂಬರ್ ಬದಲಾವಣೆ ನಿಧಾನದ ಕೆಲಸ. ಕಾರವಾರ (ಕೆಎ-30), ಶಿರಸಿ (ಕೆಎ-31), ಹೊನ್ನಾವರ (ಕೆಎ-47) ಅಥವಾ ದಾಂಡೇಲಿ (ಕೆಎ-65), ನಿಮ್ಮ ಕಾರು ಎಲ್ಲಿಯದೋ ಆ ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ತೆಗೆಯಬೇಕು. ಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ಪೊಲೀಸ್ ದಂಡ ಬಾಕಿಯಿದ್ದರೆ ಕಟ್ಟಿ ಮುಗಿಸಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ತುಕ್ಕು ಹಿಡಿದ ಚಾಸಿಯಲ್ಲಿ ಅಂಕಿ ಸರಿಯಾಗಿ ಮೂಡದೆ ಅರ್ಜಿ ವಾಪಸಾಗುತ್ತದೆ, ಆ ಜಾಗವನ್ನು ಮೊದಲೇ ಒರೆಸಿಡಿ. ಇನ್ನು ಹೊಸ ಊರಿನಲ್ಲಿ ಫಾರಂ 27, ಅಲ್ಲಿನ ರಸ್ತೆ ತೆರಿಗೆ, ಹೊಸ ಪ್ಲೇಟ್. ಇಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂಪಡೆಯಲು ಹೊಸ ಆರ್‌ಸಿ ಬಂದ ಮೇಲೆ ಅರ್ಜಿ ಹಾಕಬಹುದು.

ಈ ಓಡಾಟದ ಮಧ್ಯೆ ಪಾಲಿಸಿ ಮುಗಿಯಲು ಬಿಡಬೇಡಿ, ಚಾಲ್ತಿ ವಿಮೆ ಇಲ್ಲದೆ ಯಾವ ಆರ್‌ಟಿಒ ಕೂಡ ಕಡತ ಮುಟ್ಟುವುದಿಲ್ಲ. ಹೊಸ ನಂಬರ್ ಕೈಗೆ ಬರುವ ತನಕ ಹಳೆಯ ನಂಬರಿನಲ್ಲೇ ನವೀಕರಿಸಿ. ಬಂದ ಮೇಲೆ ಹೊಸ ಆರ್‌ಸಿ ಪ್ರತಿ ಕಳಿಸಿ ಪಾಲಿಸಿಯಲ್ಲಿ ನಂಬರ್ ತಿದ್ದಿಸಿ, ಎಂಜಿನ್ ಮತ್ತು ಚಾಸಿ ಸಂಖ್ಯೆಯ ಪ್ರತಿ ಅಂಕಿಯನ್ನೂ ಆರ್‌ಸಿಯ ಜೊತೆ ಹೋಲಿಸಿ. 8 ಇದ್ದಲ್ಲಿ ‘ಬಿ’ ಬಿದ್ದಿದ್ದು ಕ್ಲೇಮ್ ಹೊತ್ತಿಗೆ ಕಣ್ಣಿಗೆ ಬಿದ್ದರೆ ತಿದ್ದಿಸಲು ವಾರಗಟ್ಟಲೆ ಹಿಡಿಯುತ್ತದೆ. ಒಂದೆರಡು ವಾರ ಬಿಟ್ಟು ಎಂ-ಪರಿವಾಹನ್‌ನಲ್ಲಿ ಹೊಸ ನಂಬರ್ ಹಾಕಿ ನೋಡಿ. ವಿಮೆಯ ಜಾಗ ಖಾಲಿ ಕಂಡರೆ ಕಂಪನಿ ಮಾಹಿತಿ ಕಳಿಸಿಲ್ಲ ಎಂದರ್ಥ, ಬೆನ್ನು ಹತ್ತಬೇಕು. ಫಾಸ್ಟ್ಯಾಗ್‌ನಲ್ಲೂ ನಂಬರ್ ಬದಲಿಸಿ.

ತೆರಿಗೆ ಕಡಿಮೆ ಎಂದು ಜಿಎ ನಂಬರಿನ ಕಾರು ಕೊಂಡು ಕಾರವಾರದಲ್ಲೇ ಓಡಿಸುತ್ತಿದ್ದೇನೆ. ವಿಮೆಗೆ ತೊಂದರೆಯೇ?

ಗಡಿ ಬರೀ ಹದಿನೈದು ಕಿಲೋಮೀಟರ್ ಆಚೆ ಇರುವ ಊರಿನಲ್ಲಿ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ರಸ್ತೆಯಲ್ಲಿ ಪೆಟ್ಟು ತಿಂದ ಮೂರನೆಯವರಿಗೆ ಪರಿಹಾರ ತಪ್ಪುವುದಿಲ್ಲ. ನಿಮ್ಮ ಕಾರಿನ ಹಾನಿಯದೇ ಪ್ರಶ್ನೆ. ಗೋವಾದಲ್ಲಿ ನಿಜವಾಗಿ ಮನೆಯೋ ವ್ಯಾಪಾರವೋ ಇದ್ದು ಹೋಗಿ ಬರುತ್ತಿದ್ದರೆ ಹೆದರಬೇಕಿಲ್ಲ. ಯಾರದೋ ವಿಳಾಸ ಕೊಟ್ಟು ನೋಂದಾಯಿಸಿದ್ದರೆ, ದೊಡ್ಡ ಕ್ಲೇಮ್ ಬಂದಾಗ ಕಂಪನಿ ತನಿಖೆಗೆ ಜನ ಕಳಿಸುತ್ತದೆ, ಆ ವಿಳಾಸದಲ್ಲಿ ನಿಮ್ಮನ್ನು ಯಾರೂ ಕಂಡಿಲ್ಲ ಎಂದಾದರೆ ಸುಳ್ಳು ಮಾಹಿತಿ ಎಂಬ ಆಕ್ಷೇಪ ಏಳುತ್ತದೆ. ಪಾಲಿಸಿಯಲ್ಲಿ ಸಂಪರ್ಕ ವಿಳಾಸವನ್ನಾದರೂ ಕಾರವಾರದ್ದೇ ಬರೆಸಿ. 12 ತಿಂಗಳು ದಾಟಿದ್ದರೆ ತೆರಿಗೆ ಕಟ್ಟಿ ಕೆಎ-30 ಮಾಡಿಸುವುದೇ ನೆಟ್ಟಗಿನ ದಾರಿ.

ಮಡಗಾಂವಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದೆ. ಹಳೆಯ ಪಾಲಿಸಿ ಇನ್ನೂ ಎಂಟು ತಿಂಗಳು ಇದೆ.

ಇದೆ, ಅರ್ಧ ಮಾತ್ರ. ಮಾರಾಟವಾದ ಕೂಡಲೇ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿ ನಿಮಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಬರುವುದಿಲ್ಲ. ಅದಕ್ಕೆ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಎನ್‌ಒಸಿ ಬರಲಿ, ಆರ್‌ಸಿ ಆಗಲಿ ಎಂದು ಕಾಯುತ್ತ ಕುಳಿತವರೇ ಇಲ್ಲಿ ಸಿಕ್ಕಿಬೀಳುವುದು. ಮಾರಿದವರ ಸಹಿಯಿರುವ ಫಾರಂ 29 ಮತ್ತು 30ರ ಪ್ರತಿ ಹಿಡಿದು ಮೊದಲ ವಾರವೇ ಕಂಪನಿಗೆ ಬರೆಯಿರಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಮಾರಿದವರದು, ನಿಮಗೆ ಬರುವುದಿಲ್ಲ. ಆ ವ್ಯತ್ಯಾಸವನ್ನು ಕಂಪನಿ ವಸೂಲಿ ಮಾಡುತ್ತದೆ.

ಮಾರುವವರಿಗೂ ಒಂದು ಮಾತು: ಆರ್‌ಸಿಯಲ್ಲಿ ಹೆಸರು ಇರುವವರೆಗೆ ನೀವೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಹೊಸ ಕಾರಿಗೆ ಟಿಆರ್ (ತಾತ್ಕಾಲಿಕ ನೋಂದಣಿ) ನಂಬರ್ ಇದೆ. ಪ್ರವಾಸ ಮುಗಿಸಿ ಬಂದು ಕಾಯಂ ನೋಂದಣಿ ಮಾಡಿಸಿದರಾಗದೇ?

ಟಿಆರ್ ಅವಧಿಯೊಳಗೆ ಆದರೆ ಆಗಬಹುದು. ಮುಗಿದ ಮರುದಿನದಿಂದ ಕಾರು ಮನೆಯಲ್ಲೇ ಇರಲಿ. ತಾತ್ಕಾಲಿಕ ನೋಂದಣಿ ಮುಗಿದ ಗಾಡಿಯನ್ನು ಊರಿನಿಂದ ಜೋಧಪುರಕ್ಕೆ ಒಯ್ದಾಗ ಅಲ್ಲಿ ಕಳುವಾದ ಪ್ರಕರಣದಲ್ಲಿ, ಪಾಲಿಸಿ ಚಾಲ್ತಿಯಲ್ಲಿದ್ದರೂ ಕ್ಲೇಮ್ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು.

ಕೈಗಾ, ಸೀಬರ್ಡ್‌ನಲ್ಲಿ ಕೆಲಸ. ವರ್ಗಾವಣೆ ಆಗುತ್ತಲೇ ಇರುತ್ತದೆ.

ಬಿಎಚ್ (ಭಾರತ್) ಸರಣಿಯ ನಂಬರ್ ನಿಮ್ಮಂಥವರಿಗೇ. 2021ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ರಕ್ಷಣಾ ಸಿಬ್ಬಂದಿ, ಕೇಂದ್ರ-ರಾಜ್ಯ ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳವರು ತೆಗೆದುಕೊಳ್ಳಬಹುದು. ತೆರಿಗೆ ಎರಡೆರಡು ವರ್ಷಕ್ಕೆ. ಕೈಗಾದಿಂದ ರಾಜಸ್ಥಾನದ ರಾವತ್‌ಭಾಟಾಕ್ಕೆ ಹೋದರೂ ನಂಬರ್ ಅದೇ. ವಿಮೆಯಲ್ಲಿ ವಿಳಾಸವನ್ನು ಮಾತ್ರ ಪ್ರತಿ ವರ್ಗಾವಣೆಗೂ ಬದಲಿಸಿ.

ಕಾರನ್ನು ಲಾರಿಯಲ್ಲಿ ಕಳಿಸಿದರೆ ದಾರಿಯಲ್ಲಾದ ಹಾನಿಗೆ ಯಾರು ಹೊಣೆ?

ರಸ್ತೆ, ರೈಲು, ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿ ನಿಮ್ಮ ಪ್ಯಾಕೇಜ್ ಪಾಲಿಸಿಯಲ್ಲೇ ಇದೆ. ಆದರೆ ಅದನ್ನು ಬಳಸಿದರೆ ಬೋನಸ್ ಹೋಗುತ್ತದೆ. ಸಾಗಣೆದಾರರ ಹೊಣೆ, ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ಕಟ್ಟದಿದ್ದರೆ, ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ‘ಇನ್ಸೂರೆನ್ಸ್ ಸೇರಿದೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮ ಕಾರಿನ ನಂಬರ್ ಇರುವ ಸಾಗಣೆ ವಿಮೆ ಪ್ರಮಾಣಪತ್ರ ಕೇಳಿ. ಹತ್ತಿಸುವ ಮೊದಲು ಓಡೋಮೀಟರ್ ಸಮೇತ ವಿಡಿಯೊ ಮಾಡಿ, ಒಳಗೆ ಸಾಮಾನು ತುಂಬಬೇಡಿ. ಇಳಿಸಿಕೊಂಡಾಗ ಗೀರು ಕಂಡರೆ ಅವರ ರಸೀದಿಯ ಮೇಲೆಯೇ ಬರೆದು ಸಹಿ ಮಾಡಿ. ಲಿಖಿತ ನೋಟಿಸ್‌ಗೆ ಬುಕಿಂಗ್ ದಿನದಿಂದ 180 ದಿನ ಗಡುವು.

ನೋ ಕ್ಲೇಮ್ ಬೋನಸ್ ರಾಜ್ಯ ಬದಲಾದರೆ ಹೋಗುತ್ತದೆಯೇ?

ಇಲ್ಲ. ಅದು ಮಾಲೀಕನ ಹೆಸರಿಗೆ ಅಂಟಿದ್ದು: ಶೇ 20, 25, 35, 45, ಕೊನೆಗೆ 50. ಪಾಲಿಸಿ ಮುಗಿದು 90 ದಿನ ಮೀರಿದರೆ ಪೂರ್ತಿ ಹೋಗುತ್ತದೆ. ಇಲ್ಲಿನ ಕಾರು ಮಾರಿ ಅಲ್ಲಿ ಹೊಸದು ಕೊಳ್ಳುವುದಾದರೆ ಬೋನಸ್ ಉಳಿಸಿಕೊಳ್ಳುವ ಪತ್ರ ಕೇಳಿ ಪಡೆಯಿರಿ, ಮೂರು ವರ್ಷ ನಡೆಯುತ್ತದೆ.

ಗೋವಾದಲ್ಲಿ ಆದ ಅಪಘಾತದ ಪರಿಹಾರಕ್ಕೆ ಗೋವಾ ಕೋರ್ಟಿಗೇ ಅಲೆಯಬೇಕೆ? ಕಂಪನಿ ಕ್ಲೇಮ್ ತಿರಸ್ಕರಿಸಿದರೆ?

ಗಾಯಾಳು ಅಥವಾ ಮೃತರ ಕುಟುಂಬ ತಾವು ವಾಸಿಸುವ ಜಾಗದ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಶಿರಸಿಯವರು ಶಿರಸಿಯಲ್ಲೇ. 2019ರ ತಿದ್ದುಪಡಿ ಕಾಯ್ದೆ ಆರು ತಿಂಗಳ ಗಡುವು ಇಟ್ಟಿದೆ, ಅದರೊಳಗೇ ಹಾಕಿಬಿಡಿ. ಗುದ್ದಿ ಓಡಿದ ಗಾಡಿ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಸರ್ಕಾರಿ ಯೋಜನೆಯಿಂದ ಸಿಗುತ್ತದೆ.

ಸ್ವಂತ ಹಾನಿಯ ಕ್ಲೇಮ್ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ ಕಾರಣ ಆಮೇಲೆ ಬದಲಾಗುತ್ತದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು, ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಅಥವಾ 155255. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. 50 ಲಕ್ಷ ರೂ.ವರೆಗಿನ ವಿವಾದ, ಶುಲ್ಕವಿಲ್ಲ, ವಕೀಲರು ಬೇಡ. ಇನ್ನೊಂದು ದಾರಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಪಾಲಿಸಿ ಕೊಟ್ಟ ಕಚೇರಿ ಪಣಜಿಯಲ್ಲಿದ್ದರೂ ದೂರುದಾರ ಇಲ್ಲಿ ವಾಸವಿದ್ದರೆ ಇಲ್ಲೇ ದಾಖಲಿಸಬಹುದು, ವಿದ್ಯುತ್ ಬಿಲ್ಲೋ ರೇಷನ್ ಕಾರ್ಡೋ ವಾಸದ ದಾಖಲೆಯಾಗಿ ಜೊತೆಗಿರಲಿ.